ಕನಸಿನ ಬಾವಿ, ಊರಿನ ಬಾವಿ

ನಮ್ಮ ಗೆಳೆಯರೊಬ್ಬರು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ಅವರ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಬಾವಿ ಕಂಡರೆ ನಡುಗುತ್ತಾನೆ. ಶಾಲೆಯ ಹಿಂದೆ ಊರಿನ ಹಳೇ ಕಲ್ಲುಬಾವಿ ಇದೆ. ಈಗ ಊರಿಗೂ ಕೇರಿಗೂ ನಲ್ಲಿ ಬಂದಿರುವುದು ನಿಜ. ಆದರೆ ಕರೆಂಟು ಕೈಕೊಟ್ಟ ದಿನ ಎಲ್ಲರಿಗೂ ಆ ಬಾವಿಯೇ ಗತಿ. ಮಧ್ಯಾಹ್ನ ಉಂಡ ತಟ್ಟೆ ತೊಳೆಯಲು ಮಕ್ಕಳು ಸಾಲಾಗಿ ಅಲ್ಲಿಗೆ ಹೋದರೆ, ಈ ಹುಡುಗ ಮಾತ್ರ ಎಂಜಲು ತಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತುಬಿಡುತ್ತಾನೆ. ಬಲವಂತ ಮಾಡಿದರೆ ಮೈಯೆಲ್ಲಾ ಬೆವರು, ಬಾಯಿಂದ ಮಾತೇ ಹೊರಡುವುದಿಲ್ಲ.

ಅವನು ಆ ಬಾವಿಗೆ ಬಿದ್ದವನಲ್ಲ. ಅಲ್ಲಿ ಅವನನ್ನು ಯಾರೂ ಹೊಡೆದಿಲ್ಲ. ಅವನವ್ವ ಹೇಳುವುದು ಇಷ್ಟೇ: "ಮೇಷ್ಟ್ರೇ, ನನ್ ಮಗನ್ನ ಯಾರೂ ಏನೂ ಅಂದಿಲ್ಲ. ಒಂದಿನ ರಾತ್ರಿ ಕನಸು ಬಿತ್ತು, ಕಿಟಾರನೆ ಕಿರುಚ್ಕೊಂಡು ಎದ್ದ. ಅವತ್ತಿಂದ ಹಿಂಗಾದ."

ಕನಸು ಏನು ಅಂತ ಹುಡುಗನೇ ನಿಧಾನವಾಗಿ ಹೇಳಿದ. ಅವನು ಬಾವಿಗೆ ಬಗ್ಗಿ ನೋಡುತ್ತಾನೆ. ನೀರಿನಲ್ಲಿ ಅವನ ಮುಖದ ಬದಲು ಯಾರೋ ಮುದುಕನ ಮುಖ ಕಾಣುತ್ತದೆ. ಹಿಂದುಗಡೆಯಿಂದ ಹೆಜ್ಜೆ ಸಪ್ಪಳ. ಓಡಬೇಕು, ಕಾಲೇ ಏಳುವುದಿಲ್ಲ.

ಈ ಹುಡುಗನ ಸುತ್ತ ನಾಲ್ಕು ಮಾತು ಹುಟ್ಟಿಕೊಂಡವು. ಊರಿನ ಪೂಜಾರಿ, "ಗಾಳಿ ಸೋಕಿದೆ, ತಾಯಿತ ಕಟ್ಟಿಸಿ" ಎಂದ. ಪೇಟೆಯ ಡಾಕ್ಟರು, "ಇದು ಫೋಬಿಯ, ಮನಸ್ಸಿನ ಒಂದು ತೊಂದರೆ, ವಾಸಿಯಾಗುತ್ತೆ" ಎಂದರು. ಶಾಲೆಯ ಇನ್ನೊಬ್ಬ ಮೇಷ್ಟ್ರು, "ಪುಕ್ಕಲ ನನ್ಮಗ" ಎಂದು ನಕ್ಕರು. ನಮ್ಮದೇ ಸಂಘಟನೆಯ ಗೆಳೆಯನೊಬ್ಬ, "ಕನಸು ಗಿನಸು ಎಲ್ಲಾ ಹೊಟ್ಟೆ ತುಂಬಿದವರ ವಿಚಾರ. ಜಾತಿ ಹೋದ್ರೆ ಭಯ ತಾನಾಗೇ ಹೋಗುತ್ತೆ" ಎಂದು ಕೈಕೊಡವಿದ.

ಈ ನಾಲ್ಕೂ ಮಾತು ನಮಗೆ ಸಾಲಲಿಲ್ಲ. ಕನಸು ಎಂಬುದು ಒಂದು ಭಯವನ್ನು ಹುಟ್ಟಿಸಬಲ್ಲುದೇ? ಹುಟ್ಟಿಸಿದರೆ ಆ ಭಯಕ್ಕೆ ಹೊಣೆ ಯಾರು? ಕನಸು ಕಂಡವನೋ, ಇಲ್ಲಾ ಆ ಕನಸಿಗೆ ಸರಕು ಒದಗಿಸಿದವರೋ? ಮೇಲ್ನೋಟಕ್ಕೆ ಇದು ಮನೋವಿಜ್ಞಾನದ ಪ್ರಶ್ನೆ. ಒಳಹೊಕ್ಕು ನೋಡಿದರೆ ನ್ಯಾಯದ ಪ್ರಶ್ನೆ.

*

ಭಯ ಮನುಷ್ಯನೊಳಗೆ ಹೇಗೆ ಬರುತ್ತದೆ ಎಂಬುದನ್ನು ಮೊದಲು ನೋಡೋಣ.

1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬಿಬ್ಬರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಇನ್ನೂ ವರ್ಷ ತುಂಬದ ಒಂದು ಕೂಸಿನ ಮುಂದೆ ಬಿಳಿ ಇಲಿ ಬಿಟ್ಟರು. ಕೂಸು ಹೆದರಲಿಲ್ಲ, ಮುಟ್ಟಲು ಕೈಚಾಚಿತು. ಆಮೇಲೆ ಇಲಿ ಬಂದಾಗಲೆಲ್ಲ ಕೂಸಿನ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದು ಸದ್ದು ಮಾಡಿದರು. ಕಡೆಗೆ ಸದ್ದಿಲ್ಲದಿದ್ದರೂ ಇಲಿ ಕಂಡರೆ ಕೂಸು ಅಳತೊಡಗಿತು. ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಹಿಂಜರಿಯಿತು. ಒಂದು ಕೂಸಿಗೆ ಹೀಗೆ ಮಾಡಿದ್ದು ಕ್ರೌರ್ಯವೇ ಸರಿ. ಆದರೆ ನಮ್ಮ ಕೇರಿಗಳಲ್ಲಿ ಇಂಥ ಪ್ರಯೋಗ ಸಾವಿರಾರು ವರ್ಷ ನಡೆದಿದೆ. ಯಾರೂ ವರದಿ ಬರೆದಿಲ್ಲ ಅಷ್ಟೆ.

ಸ್ವಂತ ಮೈಗೆ ಪೆಟ್ಟು ಬೀಳಲೇಬೇಕು ಎಂದೇನಿಲ್ಲ. 1980ರ ದಶಕದಲ್ಲಿ ಸೂಸನ್ ಮಿನೆಕ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳನ್ನು ಪರೀಕ್ಷಿಸಿದರು. ಅವಕ್ಕೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಹುಟ್ಟಿದ ಕೋತಿ ಹಾವು ಕಂಡು ಹೆದರುವುದನ್ನು ನೋಡಿದ ಮೇಲೆ ಇವೂ ಹೆದರತೊಡಗಿದವು. ಹಾವು ಕಚ್ಚಬೇಕಾಗಲೇ ಇಲ್ಲ. ಇದಕ್ಕೂ ಮೊದಲು, 1977ರಲ್ಲಿ, ಸ್ಟ್ಯಾನ್ಲಿ ರಾಚ್‌ಮನ್ ಎಂಬ ಮನೋವಿಜ್ಞಾನಿ ಭಯ ಬರುವ ದಾರಿ ಮೂರು ಎಂದಿದ್ದರು: ತಾನು ಉಂಡದ್ದು, ಇತರರು ಹೆದರುವುದನ್ನು ಕಂಡದ್ದು, ಹೇಳಿಸಿಕೊಂಡದ್ದು.

ಹಾಗಾದರೆ ಕನಸು ಈ ಮೂರರಲ್ಲಿ ಯಾವುದು? ನಮಗನ್ನಿಸುವುದು ಹೀಗೆ: ಕನಸು ನಾಲ್ಕನೇ ದಾರಿಯಲ್ಲ, ಮೂರೂ ದಾರಿ ಕೂಡುವ ಜಾಗ. ಹಗಲಿನಲ್ಲಿ ಬರೀ ಕೇಳಿದ್ದನ್ನು ಕನಸು ರಾತ್ರಿ ಕಣ್ಣಿಗೆ ಕಟ್ಟಿ, ಮೈಗೆ ಮುಟ್ಟಿಸುತ್ತದೆ. ನಿದ್ದೆಯಲ್ಲಿ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಒಂದು ಘಟ್ಟ ಇದೆ. 1953ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಎದ್ದು ಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗ. ಆ ಹೊತ್ತಿನಲ್ಲಿ ಮಿದುಳಿನೊಳಗಿನ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ ಚುರುಕಾಗಿರುತ್ತದೆ. ಕೈಕಾಲಿನ ಸ್ನಾಯುಗಳು ಮಾತ್ರ ಸಡಿಲಬಿದ್ದಿರುತ್ತವೆ. ಕನಸಿನಲ್ಲಿ ಕಂಡ ಹುಲಿ ಸುಳ್ಳು. ಆದರೆ ಎದೆ ಬಡಿದುಕೊಂಡದ್ದು ನಿಜ, ಬೆವರು ನಿಜ. ಮೈ ಅದನ್ನು ನೆನಪಿಟ್ಟುಕೊಂಡರೆ ಆಶ್ಚರ್ಯವೇನು?

ಆದ್ದರಿಂದ ಆ ತಾಯಿಯ ಮಾತನ್ನು ಮೌಢ್ಯ ಅಂತ ತಳ್ಳಿಹಾಕುವಂತಿಲ್ಲ. ಕನಸಿನಿಂದ ಭಯ ಬಲಿಯಬಹುದು. ಮಂಕಾಗಿ ಮಲಗಿದ್ದ ಅಂಜಿಕೆಗೆ ಒಂದು ಆಕಾರ ಸಿಗಬಹುದು. ಆದರೆ ಕನಸು ಹೊಲ ಅಷ್ಟೆ. ಬೀಜ ಹೊರಗಿನಿಂದ ಬರಬೇಕು. ಬಿತ್ತದೆ ಬೆಳೆಯುವ ಹೊಲ ಇಲ್ಲ.

*

ಬೀಜ ಎಲ್ಲಿಂದ ಬಂತು? ನಮ್ಮ ಮೇಷ್ಟ್ರು ಕೇರಿಗೆ ಹೋಗಿ ಹುಡುಗನ ಅಜ್ಜಿಯ ಹತ್ತಿರ ಕೂತು ಕೇಳಿದರು. ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಹೇಳಿದಳು. ಬರಗಾಲದ ವರ್ಷ. ಕೇರಿಯ ಬಾವಿ ಬತ್ತಿತ್ತು. ಅವಳ ಗಂಡ ನಡುರಾತ್ರಿ ಹೋಗಿ ಊರ ಬಾವಿಯಿಂದ ಒಂದು ಕೊಡ ನೀರು ಸೇದಿದ. ಬೆಳಿಗ್ಗೆ ಅವನನ್ನು ಹುಣಸೆ ಮರಕ್ಕೆ ಕಟ್ಟಿ ಹೊಡೆದರು. ಕೊಡ ಒಡೆದು ಹಾಕಿದರು. ಆಮೇಲೆ ಬಹಳ ದಿನ ಅವನು ಬದುಕಲಿಲ್ಲ. "ಅದ್ಕೇ ಹೇಳ್ತಿರ್ತೀನಿ ಸ್ವಾಮಿ, ದಿನಾ ಮಲಗೋವಾಗ ಹೇಳ್ತೀನಿ: ಬಾವಿ ತಾವ್ಕೆ ಹೋಗ್ಬ್ಯಾಡ ಕಣ್ಲಾ ಮಗ."

ನೋಡಿ, ಬಾವಿಯ ನೀರಿನಲ್ಲಿ ಕಂಡ ಮುಖ ಯಾರದು! ಹುಡುಗ ತಾತನನ್ನು ಕಂಡವನೇ ಅಲ್ಲ. ಅಜ್ಜಿ ಕೊಟ್ಟದ್ದು ಎಚ್ಚರಿಕೆ. ಮೊಮ್ಮಗ ಉಳಿಯಲಿ ಎಂಬ ಪ್ರೀತಿಯಿಂದ ಕೊಟ್ಟದ್ದು. ಮೇಲಿನವರ ಮನೆಯಲ್ಲಿ ಮಗುವಿಗೆ ಜೋಗುಳ ಹಾಡಿದರೆ ನಮ್ಮಲ್ಲಿ ಜೋಗುಳದ ಜೊತೆಗೆ ಎಚ್ಚರಿಕೆಯನ್ನೂ ಉಣಿಸಬೇಕಾಯಿತು. ಹೊಲಮನೆ ಇಲ್ಲದ ನಮ್ಮ ಹಿರಿಯರು ಪಿತ್ರಾರ್ಜಿತ ಅಂತ ಬಿಟ್ಟುಹೋದದ್ದು ಇದನ್ನೇ.

ಕನಸುಗಳೆಲ್ಲ ಬಯಕೆಯ ಈಡೇರಿಕೆ ಎಂದು ಫ್ರಾಯ್ಡ್ 1900ರ ತನ್ನ ದೊಡ್ಡ ಗ್ರಂಥದಲ್ಲಿ ವಾದಿಸಿದ. ಮೊದಲ ಮಹಾಯುದ್ಧದಿಂದ ಬಂದ ಸೈನಿಕರು ರಾತ್ರಿ ರಾತ್ರಿ ಅದೇ ಅನಾಹುತಕ್ಕೆ ಮರಳಿ ಬೀಳುವುದನ್ನು ಕಂಡ ಮೇಲೆ, ಈ ಸೂತ್ರಕ್ಕೆ ಸಿಗದ ಕನಸುಗಳೂ ಇವೆ ಎಂದು 1920ರಲ್ಲಿ ಅವನೇ ಒಪ್ಪಬೇಕಾಯಿತು. ಆ ಸೈನಿಕರು ಯುದ್ಧ ಕಂಡವರು. ನಮ್ಮ ಹುಡುಗ ಕಂಡವನಲ್ಲ. ಅವನದು ತಾತನ ಯುದ್ಧ.

ಆಳುವವರ ಭಯ ಕನಸಿನೊಳಕ್ಕೆ ಹೇಗೆ ನುಗ್ಗುತ್ತದೆ ಎಂಬುದಕ್ಕೆ ಜರ್ಮನಿಯ ಉದಾಹರಣೆ ಇದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಬರ್ಲಿನ್ನಿನ ಪತ್ರಕರ್ತೆ ಷಾರ್ಲೊಟೆ ಬೆರಾಟ್ ಸುತ್ತಮುತ್ತಲಿನ ಜನರ ಕನಸುಗಳನ್ನು ಗುಟ್ಟಾಗಿ ಬರೆದಿಡತೊಡಗಿದರು. 1939ರಲ್ಲಿ ದೇಶ ಬಿಡುವವರೆಗೂ ಬರೆದರು. ಪುಸ್ತಕವಾಗಿ ಬಂದದ್ದು 1966ರಲ್ಲಿ. ಒಬ್ಬ ವೈದ್ಯನ ಕನಸಿನಲ್ಲಿ ಎಲ್ಲರ ಮನೆಯ ಗೋಡೆಗಳೂ ಮಾಯವಾಗುತ್ತವೆ. ಒಬ್ಬ ಗೃಹಿಣಿಯ ಕನಸಿನಲ್ಲಿ, ಮನೆಯವರು ಸರ್ಕಾರದ ವಿರುದ್ಧ ಆಡಿದ ಮಾತನ್ನೆಲ್ಲ ಮನೆಯ ಒಲೆಯೇ ಬಾಯಿಬಿಟ್ಟು ಒಪ್ಪಿಸುತ್ತದೆ. ಇವರಲ್ಲಿ ಹೆಚ್ಚಿನವರನ್ನು ಯಾರೂ ಹೊಡೆದಿರಲಿಲ್ಲ. ಹೊಡೆಯುವ ಮುಂಚೆಯೇ ಕನಸು ಅವರನ್ನು ಬಗ್ಗಿಸಿತ್ತು. ಕಾಸು ಖರ್ಚಿಲ್ಲದೆ ರಾತ್ರಿ ಪಾಳಿ ಮಾಡುವ ಪೊಲೀಸು ಅದು. ಎಲ್ಲ ದಬ್ಬಾಳಿಕೆಗೂ ಇಂಥ ಪೊಲೀಸು ಬೇಕು. ಜಾತಿಗಂತೂ ಬೇಕೇಬೇಕು.

ಭಯ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಬಾಬಾಸಾಹೇಬರ ಬದುಕಿನಲ್ಲೇ ಸಾಕ್ಷಿ ಇದೆ. 1917ರಲ್ಲಿ ವಿದೇಶದಿಂದ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಒಂದು ಪಾರ್ಸಿ ಛತ್ರದಲ್ಲಿ ಒಬ್ಬರೇ ಇದ್ದರು. ರಾತ್ರಿ ದೀಪವಿಲ್ಲದ ಆ ದೊಡ್ಡ ಕೋಣೆಯಲ್ಲಿ ಬಾವಲಿಗಳು ಹಾರಾಡುವಾಗ ಮೈ ಜುಮ್ಮೆನ್ನುತ್ತಿತ್ತು ಎಂದು ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ತಾನು ಎಂಥ ಜಾಗದಲ್ಲಿ ಎಂಥ ಸ್ಥಿತಿಯಲ್ಲಿದ್ದೇನೆ ಎಂಬುದನ್ನು ಬಾವಲಿ ನೆನಪಿಸುತ್ತಿತ್ತಂತೆ. ಹನ್ನೊಂದನೇ ದಿನ ಬೆಳಿಗ್ಗೆ ಹತ್ತಾರು ಮಂದಿ ದೊಣ್ಣೆ ಹಿಡಿದು ಬಂದು ಅವರನ್ನು ಹೊರಗೆ ಹಾಕಿದರು. ಇದನ್ನು ಬಾವಲಿಯ ಫೋಬಿಯ ಎಂದು ಕರೆದರೆ ದೊಣ್ಣೆ ಹಿಡಿದವರು ಬಚಾವಾಗುತ್ತಾರೆ. ನಮ್ಮ ಹುಡುಗನದು ಬಾವಿಯ ಫೋಬಿಯ ಎಂದು ಅಷ್ಟಕ್ಕೇ ಬಿಟ್ಟರೆ ಹುಣಸೆ ಮರಕ್ಕೆ ಕಟ್ಟಿದವರು ಬಚಾವಾಗುತ್ತಾರೆ.

*

ಪೂಜಾರಿಯ ತಾಯಿತದ ವಿಚಾರಕ್ಕೆ ಬರೋಣ. ಕನಸಿನ ಭಯವನ್ನು ಡಾಕ್ಟರಿಗಿಂತ ಮೊದಲು ಅರ್ಥಮಾಡಿಕೊಂಡವರು ಪುರೋಹಿತಶಾಹಿಗಳು. ವಾಸಿ ಮಾಡಲಿಕ್ಕಲ್ಲ, ಬಳಸಿಕೊಳ್ಳಲಿಕ್ಕೆ. ಉತ್ತರ ಕರ್ನಾಟಕದ ಎಷ್ಟೋ ಬಡ ದಲಿತ ಮನೆಗಳಲ್ಲಿ ಹೆಣ್ಣುಮಗುವಿನ ಕೂದಲು ಜಡೆಗಟ್ಟಿದರೆ ಎಲ್ಲಮ್ಮನ ಕರೆ ಬಂತು ಅಂದರು. ತಾಯಿ ಕನಸಲ್ಲಿ ಬಂದು ಕೇಳಿದಳು ಅಂದರು. ಕೊಡದಿದ್ದರೆ ಮನೆತನ ಹಾಳಾಗುತ್ತೆ ಅಂತ ಹೆದರಿಸಿದರು. ಹೆದರಿದ ಹೆತ್ತವರು ಮಗಳ ಕೊರಳಿಗೆ ಮುತ್ತು ಕಟ್ಟಿಸಿದರು. 1982ರಲ್ಲಿ ಕರ್ನಾಟಕ ಈ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಮಾಡಿತು. ಆದರೆ ಕಾಯಿದೆ ಕನಸಿನೊಳಗೆ ಹೋಗಿ ದೇವಿಯನ್ನು ಬಂಧಿಸಲಾರದು. ದೇವಿ ಕನಸಿನಲ್ಲಿ ಕೇಳಿದ್ದೆಲ್ಲ ಬಡವರ ಮನೆಯ ಹೆಣ್ಣುಮಕ್ಕಳನ್ನೇ. ಊರ ಗೌಡನ ಕನಸಲ್ಲಿ ಬಂದು ಅವನ ಮಗಳನ್ನು ಆಕೆ ಯಾಕೆ ಕೇಳಲಿಲ್ಲ? ಈ ಪ್ರಶ್ನೆ ಕೇಳಿದ ಕೂಡಲೇ ಆ ಕನಸಿನ ಒಡೆಯ ಯಾರು ಅಂತ ಗೊತ್ತಾಗುತ್ತದೆ.

*

ಫೋಬಿಯ ಎಂದರೆ ಇರುವ ಅಪಾಯಕ್ಕೆ ಮೀರಿದ ಭಯ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಹಾಗಾದರೆ ಅಳತೆಗೋಲು ಹಿಡಿದು ಅಳೆದೇ ಬಿಡೋಣ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಇದಾದ ಮೇಲೆ ಕೇರಿಯ ತಾಯಿಯೊಬ್ಬಳು ಬೆಂಕಿಯ ಕನಸು ಕಂಡು ಎದ್ದು ಕೂತರೆ, ರಾತ್ರಿ ಬಾಗಿಲ ಅಗಳಿಯನ್ನು ಮೂರು ಸಲ ಮುಟ್ಟಿ ನೋಡಿದರೆ, ಅದು ಅಪಾಯಕ್ಕೆ ಮೀರಿದ ಭಯವೇ? ನಮ್ಮ ಭಯಕ್ಕೆ ವಿಳಾಸ ಇದೆ, ತಾರೀಖು ಇದೆ.

ಇನ್ನೊಂದು ಭಯ ಇದೆ. ಅದನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಕೊಂಕಣದ ಮಹಾಡಿನಲ್ಲಿ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಅವರೊಂದಿಗೆ ಬಂದ ಜನ ಚೌಡಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ದನ ಕರು ಕುಡಿಯುತ್ತಿದ್ದ ಕೆರೆ ಅದು. ಅಷ್ಟಕ್ಕೇ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಸುಳ್ಳು ಸುದ್ದಿ. ಅದನ್ನು ಕೇಳಿ ಹುಚ್ಚೆದ್ದ ಸವರ್ಣೀಯರು ಊಟಕ್ಕೆ ಕೂತಿದ್ದವರ ಮೇಲೆ ಬಿದ್ದು ಹೊಡೆದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಕೆರೆಗೆ ಸುರಿದು ನೀರನ್ನು 'ಶುದ್ಧ' ಮಾಡಿದರು.

ಈಗ ಹೇಳಿ. ನಮ್ಮ ಕೈ ಮುಟ್ಟಿದ ನೀರು ಕುಡಿದು ಸತ್ತವರು ಯಾರಾದರೂ ಇದ್ದಾರಾ? ನಮ್ಮ ನೆರಳು ಬಿದ್ದು ಯಾರ ಮೈಯಾದರೂ ಸುಟ್ಟಿದೆಯಾ? ಒಬ್ಬರಿಗೂ ಆಗದ ಅಪಾಯಕ್ಕೆ ಇಡೀ ಸಮಾಜ ಸಾವಿರಾರು ವರ್ಷ ಹೆದರಿತು. ತಾನು ಉಂಡದ್ದಲ್ಲ, ಕಂಡದ್ದಲ್ಲ, ಬರೀ ಹೇಳಿಸಿಕೊಂಡದ್ದು. ಶಾಸ್ತ್ರ ಎಂಬ ಹಳೆಯ ಕನಸನ್ನು ಯಾರೋ ಕಂಡರು, ಅದರಿಂದ ಹುಟ್ಟಿದ ಭಯವನ್ನು ಇವರು ಹೊತ್ತುಕೊಂಡರು. ಕನಸಿನಿಂದ ಫೋಬಿಯ ಹುಟ್ಟುತ್ತದೆಯೇ ಎಂದು ಕೇಳುವವರಿಗೆ ನಾವು ಮೊದಲು ತೋರಿಸಬೇಕಾದ ರೋಗಿ ನಮ್ಮ ಹುಡುಗನಲ್ಲ. ಮುಟ್ಟಿಗೆ ಹೆದರುವ ಆ ದೊಡ್ಡ ಮನುಷ್ಯ. ವ್ಯತ್ಯಾಸ ಒಂದೇ: ಹುಡುಗನ ಭಯ ಹುಡುಗನನ್ನೇ ತಿನ್ನುತ್ತದೆ, ಆ ದೊಡ್ಡ ಮನುಷ್ಯನ ಭಯವೂ ನಮ್ಮನ್ನೇ ತಿನ್ನುತ್ತದೆ.

*

ಇಷ್ಟು ಹೇಳಿ ಕೈತೊಳೆದುಕೊಂಡರೆ ನಾವೂ ತಪ್ಪಿತಸ್ಥರೇ. "ಜಾತಿ ಹೋದ್ರೆ ಭಯ ತಾನಾಗೇ ಹೋಗುತ್ತೆ" ಎಂದ ನಮ್ಮ ಗೆಳೆಯನಿಗೆ ಮಹಾಡಿನ ಇನ್ನೊಂದು ಪಾಠ ನೆನಪಿಸಬೇಕು. 1923ರಲ್ಲೇ ಬೊಂಬಾಯಿ ಶಾಸನಸಭೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಎಸ್.ಕೆ. ಬೋಲೆಯವರ ನಿರ್ಣಯ ಒಪ್ಪಿತ್ತು. 1924ರಲ್ಲಿ ಮಹಾಡಿನ ಪುರಸಭೆ ಚೌಡಾರ್ ಕೆರೆ ಎಲ್ಲರಿಗೂ ಮುಕ್ತ ಎಂದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. ನೀರು ಮುಟ್ಟುವ ಸ್ಥಿತಿ ಮಾತ್ರ ಇರಲಿಲ್ಲ. ಮೇಲಿನವರ ಹಗೆತನ ಒಂದು ಕಾರಣ. ತಲೆತಲಾಂತರದಿಂದ ಮೈಯಲ್ಲಿ ಕೂತ ಭಯ ಇನ್ನೊಂದು. ಆ ಭಯ ಮುರಿದದ್ದು ನಿರ್ಣಯದಿಂದಲ್ಲ. ಸಾವಿರಾರು ಕಾಲುಗಳು ಹಗಲು ಬೆಳಕಿನಲ್ಲಿ ಒಟ್ಟಿಗೆ ನಡೆದು ಹೋದದ್ದರಿಂದ. ಹಕ್ಕನ್ನು ಬೊಂಬಾಯಿ ಹೈಕೋರ್ಟು ಖಾಯಂ ಮಾಡುವ ಹೊತ್ತಿಗೆ 1937 ಬಂದಿತ್ತು.

ಆದ್ದರಿಂದ ಭಯದ ಬೇರು ಊರಿನಲ್ಲಿದ್ದರೂ ಕೊಂಬೆ ನಮ್ಮೊಳಗೆ ಚಾಚಿದೆ. ಬೇರನ್ನೂ ಕಡಿಯಬೇಕು, ಕೊಂಬೆಯನ್ನೂ ಕಡಿಯಬೇಕು. ಕನಸಿನ ಮಾತು ಆಡುವುದು ಹೊಟ್ಟೆ ತುಂಬಿದವರ ಕೆಲಸ ಅಂದುಕೊಂಡರೆ ನಮ್ಮ ರಾತ್ರಿಗಳನ್ನು ಪೂಜಾರಿಗೆ ಬರೆದುಕೊಟ್ಟಂತೆ.

ಕನಸು ಬರೀ ಭಯದ ಹೊಲವೂ ಅಲ್ಲ. ಅಲ್ಜೀರಿಯದ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದ ಫ್ರಾಂಟ್ಸ್ ಫ್ಯಾನನ್ 1961ರ ತನ್ನ ಪುಸ್ತಕದಲ್ಲಿ ಒಂದು ಸಂಗತಿ ಗುರುತಿಸಿದ. ಹಗಲೆಲ್ಲ ಎಲ್ಲೆಮೀರದಂತೆ ಕಟ್ಟಿಹಾಕಿದ ಗುಲಾಮ ಜನ ರಾತ್ರಿ ಕನಸಿನಲ್ಲಿ ಓಡುತ್ತಾರೆ, ಜಿಗಿಯುತ್ತಾರೆ, ಈಜುತ್ತಾರೆ. ಅಂದರೆ ಒಂದೇ ನಿದ್ದೆಯಲ್ಲಿ ಸಂಕೋಲೆಯೂ ಇದೆ, ಅದನ್ನು ಕೊಡವುವ ಕಾಲೂ ಇದೆ. ಕೆಟ್ಟ ಕನಸಿಗೆ ಈಗ ಒಂದು ಚಿಕಿತ್ಸೆಯೂ ಇದೆ. ಎಚ್ಚರವಿದ್ದಾಗ ಆ ಕನಸನ್ನು ನೆನೆದು, ಅದಕ್ಕೆ ಬೇರೆಯ ಕೊನೆ ಕಟ್ಟಿ, ಆ ಹೊಸ ಕನಸನ್ನು ದಿನಾ ಮನಸ್ಸಿನಲ್ಲೇ ಮತ್ತೆ ಮತ್ತೆ ನಡೆಸಿ ನೋಡುವುದು. ಅಮೆರಿಕದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಇದರಿಂದ ಗುಣ ಕಂಡದ್ದು 2001ರಲ್ಲಿ ಪ್ರಕಟವಾಗಿದೆ. ಡಾಕ್ಟರನ್ನು ನಾವು ಬೇಡ ಅನ್ನುವುದಿಲ್ಲ. ಹುಡುಗನ ಭಯಕ್ಕೆ ಡಾಕ್ಟರು ಬೇಕಾದರೆ ಡಾಕ್ಟರೇ ಬೇಕು, ತಾಯಿತ ಬೇಡ. ಆದರೆ ಆ ಡಾಕ್ಟರು ಬಾವಿಕಟ್ಟೆಯ ಚರಿತ್ರೆಯನ್ನೂ ಕೇಳಿಕೊಳ್ಳಲಿ.

*

ಕಡೆಗೆ ನಮ್ಮ ಮೇಷ್ಟ್ರಿಗೆ ಎದುರಾದ ಕಷ್ಟ. ಒಂದು ದಿನ ಅವರು ಹುಡುಗನ ಪಕ್ಕ ಕೂತು, "ಬಾರೋ, ಇಬ್ರೂ ಹೋಗಿ ನೀರು ಸೇದೋಣ" ಎಂದರು. ಹುಡುಗ ಕೇಳಿದ: "ಅವ್ರು ನೋಡಿದ್ರೆ ಮೇಷ್ಟ್ರೇ?"

ಏನು ಹೇಳಬೇಕು? "ಏನೂ ಆಗಲ್ಲ" ಅನ್ನುವುದು ಸುಲಭ. ಹಾಗೆ ಹೇಳಿದರೆ ಭಯ ಹೋಗಲೂಬಹುದು. ಆದರೆ ಏನೂ ಆಗುವುದಿಲ್ಲ ಎಂದು ಈ ದೇಶದಲ್ಲಿ ಯಾರು ಬರೆದುಕೊಟ್ಟಿದ್ದಾರೆ? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಅದನ್ನು ಬಾವಿಕಟ್ಟೆಯ ಮೇಲೆ ಕೂತವರು ಓದಿರಬೇಕಲ್ಲ? ಮಗುವಿನ ಭಯ ಬಿಡಿಸಲು ಸುಳ್ಳು ಹೇಳಬಹುದೇ? ನಾಳೆ ಪೆಟ್ಟು ಬಿದ್ದರೆ ಭಯದ ಜೊತೆಗೆ ಮೇಷ್ಟ್ರ ಮೇಲಿನ ನಂಬಿಕೆಯೂ ಸಾಯುತ್ತದೆ. ಹೋಗಲಿ, ಅಜ್ಜಿಯ ಹಾಗೆ "ಹೋಗ್ಬ್ಯಾಡ ಮಗ" ಅನ್ನೋಣವೆಂದರೆ ಬಾವಿ ಅವರದೇ ಆಗಿ ಉಳಿಯುತ್ತದೆ.

ನಮಗೆ ತೋಚಿದ ಉತ್ತರ ಇದು. ಭಯ ತೆಗೆಯಲು ನಿಜವನ್ನು ಮುಚ್ಚಿಡಕೂಡದು. ತಾತನಿಗೆ ಹೊಡೆದದ್ದು ನಿಜ ಎಂದು ಹೇಳಬೇಕು. ತಪ್ಪು ತಾತನದಲ್ಲ, ಹೊಡೆದವರದು ಎಂದೂ ಹೇಳಬೇಕು. ತಾತ ಒಬ್ಬನೇ ಹೋಗಿದ್ದ, ಕತ್ತಲಲ್ಲಿ ಹೋಗಿದ್ದ, ನಾವು ಹಾಗೆ ಹೋಗುವುದಿಲ್ಲ ಎಂದು ಹೇಳಬೇಕು. ಹಾಗೆ ಹೇಳಿ, ಆ ಮಾತಿಗೆ ತಕ್ಕಂತೆ ನಿಲ್ಲಲೂ ಬೇಕು. ಮಗುವಿಗೆ ಧೈರ್ಯ ಹೇಳಿ ತಾವು ಮನೆಯಲ್ಲಿ ಉಳಿಯುವವರಿಗೆ ಧೈರ್ಯ ಹೇಳುವ ಹಕ್ಕಿಲ್ಲ.

ಮೇಷ್ಟ್ರು ಹುಡುಗನಿಗೆ ಹೇಳಿದ್ದು: "ನೋಡ್ಲಿ ಬಿಡೋ. ನೋಡೋವಾಗ ನಾನೂ ಇರ್ತೀನಿ, ನಿಮ್ಮಪ್ಪನೂ ಇರ್ತಾನೆ, ಇಡೀ ಕ್ಲಾಸೇ ಇರುತ್ತೆ."

ಮಧ್ಯಾಹ್ನ ಹನ್ನೆರಡಕ್ಕೆ ಹೋದರು. ಊರಿನ ಮಕ್ಕಳೂ ಜೊತೆಗಿದ್ದರು. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ನೋಡಿದರು. ಒಬ್ಬ ಎದ್ದು ಹೋದ, ಒಬ್ಬ ಕೂತೇ ಇದ್ದ. ಹುಡುಗ ಅವತ್ತು ಹಗ್ಗ ಮುಟ್ಟಲಿಲ್ಲ. ಮೇಷ್ಟ್ರ ಅಂಗಿಯ ತುದಿ ಹಿಡಿದುಕೊಂಡು ನಿಂತಿದ್ದ. ಮಾರನೇ ದಿನವೂ ಹೋದರು. ನಾಲ್ಕನೇ ದಿನ ಅವನು ಬಾವಿಗೆ ಬಗ್ಗಿ ನೋಡಿದ.

ಕನಸು ನಿಂತಿದೆಯಾ ಅಂತ ನಾವು ಮೊನ್ನೆ ಕೇಳಿದೆವು. "ಇಲ್ಲ, ಬೀಳುತ್ತೆ" ಅಂದ. "ಆದ್ರೆ ಈಗ ತಾತ ಒಳಗಿಲ್ಲ. ಮ್ಯಾಲೆ ಬಂದವ್ನೆ. ಹಗ್ಗ ಹಿಡ್ಕೊಂಡವ್ನೆ."